ಯಾರು ನಾಯಕ, ಯಾರು ಖಳ?



ಮಕ್ಕಳಿಗೆ ಕತೆ ಹೇಳಲು ಕುಳಿತಾಗ ಅವರು ಮೊದಲು ಏನು ಕೇಳುತ್ತಾರೆಂದು ಗಮನಿಸಿದ್ದೀರಾ? ‘ಇವನು ಒಳ್ಳೆಯವನೋ, ಕೆಟ್ಟವನೋ?’ ಉತ್ತರ ಸಿಕ್ಕಿದ ಮೇಲೆಯೇ ಮಗುವಿಗೆ ನೆಮ್ಮದಿ. ಒಳ್ಳೆಯವನು ಗೆಲ್ಲಬೇಕು, ಕೆಟ್ಟವನು ಸೋಲಬೇಕು. ದೊಡ್ಡವರಾದ ನಾವೂ ಈ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ. ‘ನಮ್ಮ ದೊಡ್ಡವನು ಬಂಗಾರ, ಚಿಕ್ಕವನು ಮಾತ್ರ ಪೋಲಿ’ ಎಂದು ನೆಂಟರ ಮುಂದೆ ಹೇಳುವಾಗ ಮನೆಯೊಳಗೇ ಒಬ್ಬ ನಾಯಕನನ್ನೂ ಒಬ್ಬ ಖಳನನ್ನೂ ಮಾಡಿಟ್ಟಿರುತ್ತೇವೆ. ಆ ಹೆಸರು ಹೊತ್ತವನು ಅದರ ಪ್ರಕಾರವೇ ಬೆಳೆದುಬಿಡುವುದೂ ಉಂಟು. ಆದ್ದರಿಂದ ಕತೆಯಲ್ಲಿ ಒಬ್ಬನನ್ನು ನಾಯಕನನ್ನಾಗಿ ಮಾಡುವುದು ಯಾವುದು ಎಂಬ ಪ್ರಶ್ನೆ ಕೇವಲ ಸಾಹಿತ್ಯದ ವಿದ್ಯಾರ್ಥಿಗಳದ್ದು ಎಂದುಕೊಳ್ಳಬೇಡಿ. ಅದು ನಮ್ಮ ಅಡುಗೆಮನೆಗೂ ಜಗಲಿಗೂ ಸಂಬಂಧಿಸಿದ ಪ್ರಶ್ನೆ.

ಮೊದಲು ಪದಗಳ ಅರ್ಥ ತಿಳಿಯೋಣ. ನಮ್ಮ ಹಳೆಯ ಲಕ್ಷಣಕಾರರು ನಾಯಕನಿಗೆ ಸ್ಪಷ್ಟವಾದ ಲಕ್ಷಣಗಳನ್ನು ಹೇಳಿದ್ದರು. 10ನೇ ಶತಮಾನದ ಧನಂಜಯನ ‘ದಶರೂಪಕ’ದಲ್ಲಿ ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಬಗೆಯ ನಾಯಕರಿದ್ದಾರೆ. ನಾಯಕನನ್ನು ಎದುರಿಸುವವನು ಪ್ರತಿನಾಯಕ. ಅವನು ಲೋಭಿ, ಹಠಮಾರಿ, ಪಾಪ ಮಾಡುವವನು, ವ್ಯಸನಿ. ಈ ವಿಂಗಡಣೆಯಲ್ಲಿ ಗೊಂದಲವಿಲ್ಲ. ಈಚಿನ ಕಾಲದ ಸಾಹಿತ್ಯ ಮಾತ್ರ ಇನ್ನೊಬ್ಬನನ್ನು ಕರೆತಂದಿತು. ಅವನನ್ನು ಆಂಟಿ ಹೀರೋ ಎನ್ನುತ್ತಾರೆ. ಅವನು ನಾಯಕನ ದಾರಿಗೆ ಅಡ್ಡ ಬರುವ ಖಳನಲ್ಲ. ಕತೆಯ ನಡುವೆ ನಿಂತವನು ಅವನೇ. ಆದರೆ ನಾಯಕನಲ್ಲಿ ಇರಬೇಕೆಂದು ನಾವು ಬಯಸುವ ಗುಣಗಳು ಅವನಲ್ಲಿ ಇರುವುದಿಲ್ಲ. ಅವನ ತಪ್ಪುಗಳನ್ನೆಲ್ಲ ನೋಡುತ್ತಲೇ ನಾವು ಅವನ ಜೊತೆಯಲ್ಲಿ ನಡೆಯುತ್ತೇವೆ.

ಹಾಗಾದರೆ ಇವರನ್ನು ಬೇರ್ಪಡಿಸುವ ಗೆರೆ ಯಾವುದು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಮದ್ದೂರು, ಮಳವಳ್ಳಿ ಸೀಮೆಯ ಒಂದು ಕತೆಯಿಂದಲೇ ಹೊರಡೋಣ.

ನಿಡಘಟ್ಟದಿಂದ ಹಲಗೂರಿಗೆ

ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ನಮ್ಮಲ್ಲಿ ಕೇಳದವರು ಕಡಿಮೆ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಅವರ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ ಬನದ ಹುಣ್ಣಿಮೆಯಲ್ಲಿ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ನಡೆಯುತ್ತದೆ. ನಾವು ಬೇರೆ ಧರ್ಮದವರಾದರೂ ಇದು ನಮ್ಮ ನೆರೆಹೊರೆಯವರ ಶ್ರದ್ಧೆಯ ಕತೆ. ಗೌರವದಿಂದಲೇ ಅದನ್ನು ನೋಡೋಣ.

ಈ ಕಾವ್ಯದ ನಾಯಕ ಮೊದಲು ಹೇಗೆ ಕಾಣಿಸಿಕೊಳ್ಳುತ್ತಾನೆ? ಬಸವಣ್ಣನ ಕಲ್ಯಾಣಕ್ಕೆ ಅವನು ಬರುವುದು ರೋಗ ಹಿಡಿದ, ನಾರುವ ಮೈಯ ಭಿಕಾರಿಯಾಗಿ. ಮಡಿಮೈಲಿಗೆಯ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಅಟ್ಟುತ್ತಾರೆ. ಅವನು ತಿಪ್ಪೆಯ ಮೇಲೆ ಮಲಗುತ್ತಾನೆ. ಲಕ್ಷಣಗ್ರಂಥದ ಯಾವ ನಾಯಕನಿಗೂ ಇಂತಹ ರೂಪವಿಲ್ಲ. ಆದರೂ ಹಾಡು ಕೇಳುವವರಿಗೆ ಅನುಮಾನವೇ ಬರುವುದಿಲ್ಲ, ಏಕೆಂದರೆ ಹಾಡುವವನ ಕಣ್ಣು ತಿಪ್ಪೆಯ ಕಡೆಯಿಂದ ಅರಮನೆಯನ್ನು ನೋಡುತ್ತಿದೆ. ಇದೇ ಘಟನೆಯನ್ನು ಬಾಗಿಲು ಕಾಯುವವನು ಹೇಳಿದ್ದರೆ, ‘ಊರಿಗೊಬ್ಬ ಹೊಲಸು ಮನುಷ್ಯ ಬಂದ, ಓಡಿಸಿದೆವು’ ಎಂದು ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಆದ್ದರಿಂದ ಮೊದಲ ಪಾಠ ಇದು: ಕತೆ ಯಾರ ಕಣ್ಣಿನಿಂದ ಕಾಣುತ್ತದೆ ಎಂಬುದರ ಮೇಲೆ ನಾಯಕನ ಪಟ್ಟ ಬಹುಮಟ್ಟಿಗೆ ನಿಂತಿದೆ.

ಮುಂದೆ ಮಂಟೇಸ್ವಾಮಿ ಮದ್ದೂರು ತಾಲ್ಲೂಕಿನ ನಿಡಘಟ್ಟಕ್ಕೆ ಬರುತ್ತಾರೆ. ಅಲ್ಲಿ ಬಸವಾಚಾರಿ, ಮುದ್ದಮ್ಮ ದಂಪತಿಗಳ ಮಗ ಕೆಂಪಾಚಾರಿ. ಕುಲುಮೆಯ ಕೆಲಸದ ಮನೆ. ಆ ಮಗನನ್ನು ತಮಗೆ ಶಿಷ್ಯನನ್ನಾಗಿ ಕೊಡಿ ಎಂದು ಗುರು ಕೇಳುತ್ತಾರೆ. ಹೆತ್ತವರು ಒಪ್ಪುವುದಿಲ್ಲ. ಕೊನೆಗೆ ಹುಡುಗ ಮನೆ ಬಿಟ್ಟು ಗುರುವಿನ ಹಿಂದೆ ಹೋಗುತ್ತಾನೆ, ಸಿದ್ದಪ್ಪಾಜಿ ಆಗುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಿ. ಮುದ್ದಮ್ಮನ ಕಣ್ಣಿನಿಂದ ನೋಡಿದರೆ ಗುರು ಯಾರು? ಕೈಗೆ ಬಂದ ಮಗನನ್ನು ಕಿತ್ತುಕೊಂಡವನು. ಗುರುಮಠಕ್ಕೋ ಕನ್ಯಾಮಠಕ್ಕೋ ಮಕ್ಕಳನ್ನು ಕಳುಹಿಸಿಕೊಟ್ಟ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಹೊರಗೆ ಸಂತೋಷದಿಂದ ಸಿಹಿ ಹಂಚಿ, ರಾತ್ರಿ ಖಾಲಿ ಚಾಪೆಯನ್ನು ನೋಡಿ ಅತ್ತ ತಾಯಿಗೆ ಮುದ್ದಮ್ಮನ ಸಂಕಟವನ್ನು ಯಾರೂ ವಿವರಿಸಬೇಕಾಗಿಲ್ಲ. ಶಿಷ್ಯನ ಮಹಿಮೆಯನ್ನು ಹಾಡುವ ಕಾವ್ಯ ಆ ತಾಯಿಯ ನೋವಿಗೂ ಜಾಗ ಕೊಟ್ಟಿದೆ. ಅದು ಅದರ ದೊಡ್ಡಗುಣ. ನಾಯಕನ ದಾರಿಯಲ್ಲಿ ಬೇರೆಯವರ ಕಣ್ಣೀರೂ ಬೀಳುತ್ತದೆ ಎಂಬ ಸತ್ಯವನ್ನು ಅದು ಮುಚ್ಚಿಡಲಿಲ್ಲ.

ಹಾಗಾದರೆ ಸಿದ್ದಪ್ಪಾಜಿಯನ್ನು ನಾಯಕನೆಂದು ಏಕೆ ಒಪ್ಪುತ್ತೇವೆ? ಗುರು ಅವನನ್ನು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಳುಹಿಸುತ್ತಾರೆ. ಅಲ್ಲಿಯ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಬೇಕು. ಅವರು ಇವನ ಸ್ವಂತ ಕುಲದವರೇ. ಕುಲುಮೆಯ ಮನೆಯಲ್ಲಿ ಹುಟ್ಟಿದ ಹುಡುಗ ಜೋಳಿಗೆ ಹಿಡಿದು ಕುಲುಮೆಯವರ ಮುಂದೆಯೇ ನಿಲ್ಲುವುದು ಎಷ್ಟು ಕಷ್ಟ! ಅವರು ಕಬ್ಬಿಣ ಇಲ್ಲವೆನ್ನುತ್ತಾರೆ, ಅವಮಾನ ಮಾಡುತ್ತಾರೆ, ಕಠಿಣವಾದ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಎಲ್ಲವನ್ನೂ ತನ್ನ ಮೈಮೇಲೆಯೇ ತೆಗೆದುಕೊಳ್ಳುತ್ತಾನೆ. ತಾನು ಆರಿಸಿಕೊಂಡ ದಾರಿಯ ಬೆಲೆಯನ್ನು ಬೇರೆಯವರ ಕೈಯಿಂದ ತೆರಿಸುವುದಿಲ್ಲ.

ಹಲಗೂರಿನವರನ್ನೂ ನ್ಯಾಯವಾಗಿ ನೋಡಬೇಕು. ಬೆವರು ಸುರಿಸಿ ದುಡಿಯುವವರಿಗೆ ಕಬ್ಬಿಣವೆಂದರೆ ಬಂಡವಾಳ. ಯಾರೋ ಬಂದು ಕೇಳಿದರೆಂದು ಎತ್ತಿಕೊಡಲು ಆಗುತ್ತದೆಯೇ? ‘ಕೊಡುವುದಿಲ್ಲ’ ಎಂದಿದ್ದರೆ ಅದೊಂದು ತಪ್ಪೆಂದು ಹೇಳುವುದು ಕಷ್ಟ. ಅವರು ಜಾರಿದ್ದು ಮನೆಯಲ್ಲಿ ಇಟ್ಟುಕೊಂಡೇ ‘ಇಲ್ಲ’ ಎಂದು ಸುಳ್ಳಾಡಿದಾಗ, ಕೇಳಲು ಬಂದವನನ್ನು ಹಿಂಸಿಸಿ ನೋಡಿದಾಗ. ಅದು ಕತೆಯ ಪಾತ್ರಗಳ ತಪ್ಪು. ಇಂದಿನ ಯಾವ ಕುಲದವರ ಮೇಲೂ ಅದನ್ನು ಹೊರಿಸುವುದು ಅನ್ಯಾಯ. ಸುಳ್ಳು ಹೇಳಿ ಆಸ್ತಿ ಕಾಯ್ದುಕೊಳ್ಳುವವರು ಎಲ್ಲ ಜಾತಿಯಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ.

ಶತ್ರುವಿಗಾಗಿ ಅತ್ತವನು

ಈಗ ಇದಕ್ಕೆ ಎದುರಾದ ಒಂದು ಪಾತ್ರವನ್ನು ನೋಡೋಣ. 10ನೇ ಶತಮಾನದ ಕೊನೆಯ ಭಾಗದಲ್ಲಿದ್ದ ಕವಿ ರನ್ನ ‘ಗದಾಯುದ್ಧ’ ಬರೆದ. ಆಶ್ರಯ ಕೊಟ್ಟ ಚಾಳುಕ್ಯ ಅರಸ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು. ಆದ್ದರಿಂದ ನಾಯಕ ಭೀಮ ಎಂದು ಮೊದಲೇ ತೀರ್ಮಾನವಾಗಿತ್ತು. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಯುದ್ಧ ಮುಗಿಯುತ್ತಾ ಬಂದಿದೆ. ಭೀಷ್ಮರನ್ನು ಕಾಣಲು ಸಂಜಯನ ಜೊತೆ ಅವನು ಹೆಣಗಳ ನಡುವೆ ನಡೆದುಹೋಗುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಶವದ ಮುಂದೆಯೂ ಅವನ ಎದೆ ಒಡೆಯುತ್ತದೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಂತು, ಆ ಬಾಲಕನ ಶೌರ್ಯಕ್ಕೆ ಕೈಮುಗಿಯುತ್ತಾನೆ.

ಪ್ರತಿನಾಯಕನೆಂದು ಹೆಸರಾದವನಿಗೆ ಇಂತಹ ಹೃದಯವೇ ಎಂದು ನಮಗೆ ಅಚ್ಚರಿಯಾಗುತ್ತದೆ. ಈ ಅಚ್ಚರಿಯನ್ನು ಗಂಭೀರವಾಗಿ ತೆಗೆದುಕೊಂಡವರು ಬಿ.ಎಂ. ಶ್ರೀಕಂಠಯ್ಯನವರು (1884–1946). ಅವರ ಹೆಸರಿನ ಮೊದಲ ಅಕ್ಷರ ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಗ್ರೀಕರ ದುರಂತ ನಾಟಕಗಳನ್ನು ಚೆನ್ನಾಗಿ ಬಲ್ಲ ಅವರು ರನ್ನನ ಕಾವ್ಯವನ್ನು 1926ರಲ್ಲಿ ‘ಗದಾಯುದ್ಧ ನಾಟಕ’ವಾಗಿ ಅಳವಡಿಸಿದರು. ಅಲ್ಲಿ ದುರ್ಯೋಧನನೇ ದುರಂತದ ನಾಯಕ. ಮುಂದೆ ಅವರು ಗ್ರೀಕ್ ಕವಿ ಸೊಫೊಕ್ಲಿಸನ ‘ಅಜಾಕ್ಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ಬರೆದರು. ಮಲಗಿದ್ದವರನ್ನು ಇರಿದು ಕೊಂದ ಅಶ್ವತ್ಥಾಮನನ್ನು ರಂಗದ ನಡುವೆ ನಿಲ್ಲಿಸಿದರು.

ಹಾಗಾದರೆ ದುರ್ಯೋಧನ ಸಿದ್ದಪ್ಪಾಜಿಯಂತೆ ನಾಯಕನೇ? ಅವನಲ್ಲಿ ನಾಯಕನ ಒಂದು ಗುಣ ನಿಜವಾಗಿಯೂ ಇದೆ: ಎದುರಾಳಿಯ ಮನೆಯ ಸಾವನ್ನೂ ಅವನು ಸಾವೆಂದೇ ಕಂಡ. ಇನ್ನೊಂದು ಗುಣ ಇಲ್ಲ. ತಂದೆತಾಯಿ ಸಂಧಿ ಮಾಡಿಕೊಳ್ಳೆಂದು ಬೇಡಿದರೂ ಅವನು ಒಪ್ಪಲಿಲ್ಲ. ತನ್ನ ಹಠಕ್ಕೆ ತಮ್ಮಂದಿರು, ಗೆಳೆಯ, ಮಗ, ಸಾವಿರಾರು ಮಂದಿ ಯೋಧರು ಬೆಲೆ ತೆತ್ತರು. ತಾನು ಬೆಲೆ ತೆರುವ ಸರದಿ ಬಂದದ್ದು ಎಲ್ಲರೂ ಮುಗಿದ ಮೇಲೆ. ಸಭೆಯಲ್ಲಿ ದ್ರೌಪದಿ ಸುರಿಸಿದ ಕಣ್ಣೀರು ರಣರಂಗದಲ್ಲಿ ಅವನು ಸುರಿಸಿದ ಕಣ್ಣೀರಿನಿಂದ ತೊಳೆದುಹೋಗುವುದಿಲ್ಲ. ಅವನಿಗಾಗಿ ನಾವು ಮರುಗಬಹುದು, ಮರುಗಲೇಬೇಕು. ಆದರೆ ಮರುಗುವುದು ಬೇರೆ, ಅವನು ಮಾಡಿದ್ದು ಸರಿ ಎನ್ನುವುದು ಬೇರೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ತಪ್ಪೇ ಇಲ್ಲದವನು ನಾಯಕ ಎಂಬ ಅಳತೆಗೋಲು ಹಿಡಿದರೆ ಯಾರೂ ಸಿಗುವುದಿಲ್ಲ. ಎರಡು ಪ್ರಶ್ನೆ ಕೇಳಿ ನೋಡಿ. ಇವನ ತೀರ್ಮಾನದ ಬೆಲೆಯನ್ನು ತೆರುವವರು ಯಾರು? ತನ್ನ ಪಕ್ಷದಲ್ಲಿ ಇಲ್ಲದವರ ನೋವು ಇವನ ಕಣ್ಣಿಗೆ ಬೀಳುತ್ತದೆಯೇ? ಎರಡಕ್ಕೂ ಸರಿಯಾದ ಉತ್ತರವಿದ್ದರೆ ಅವನು ನಾಯಕ, ತಿಪ್ಪೆಯ ಮೇಲೆ ಮಲಗಿದ್ದರೂ ಸರಿ. ಒಂದಕ್ಕೋ ಎರಡಕ್ಕೋ ಉತ್ತರವಿಲ್ಲದಿದ್ದರೂ ಕತೆಗಾರ ನಮ್ಮನ್ನು ಅವನ ಎದೆಯೊಳಗೆ ಕರೆದೊಯ್ದಿದ್ದರೆ ಅವನು ಆಂಟಿ ಹೀರೋ. ಅವನ ಎದೆಯೊಳಗೆ ಹೋಗಲು ಕತೆಗಾರ ಬಾಗಿಲನ್ನೇ ತೆರೆಯದಿದ್ದರೆ ಅವನು ಬರಿಯ ಖಳ.

ಖಳನೇ ಇಲ್ಲದ ಮನೆ

ಯುದ್ಧ, ಪವಾಡ ಇವೆಲ್ಲ ನಮ್ಮಿಂದ ದೂರದ ಮಾತು ಎನ್ನುವಿರಾ? ಹಾಗಾದರೆ 1928ರಲ್ಲಿ ಹುಟ್ಟಿದ ಒಬ್ಬ ಲೇಖಕಿಯ ಕಾದಂಬರಿಗೆ ಬನ್ನಿ. ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದ ಅನಸೂಯಾ ಶಂಕರ್ ಬಿ.ಎಂ.ಶ್ರೀಯವರ ಬಂಧು. ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ಅವರ ‘ಶರಪಂಜರ’ದ ಕಾವೇರಿ ನಿಮಗೆ ಪರಿಚಿತಳೇ. ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರ ಮಾಡಿದಾಗ ಕಲ್ಪನಾ ಆ ಪಾತ್ರ ವಹಿಸಿದ್ದರು.

ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರ, ನೆರೆಹೊರೆಯವರ ಕಣ್ಣಿನಲ್ಲಿ ಅವಳು ಇನ್ನೂ ಹುಚ್ಚಿ. ಅವಳು ನಕ್ಕರೆ ಅನುಮಾನ, ಸಿಟ್ಟು ಮಾಡಿದರೆ ಹೆದರಿಕೆ. ಗಂಡನ ಮನಸ್ಸೂ ಬೇರೆ ಕಡೆ ಹೊರಳಿರುತ್ತದೆ. ಗುಣವಾಗಿದ್ದ ಮನಸ್ಸು ಕೊನೆಗೆ ಮತ್ತೆ ಒಡೆಯುತ್ತದೆ.

ಈ ಕತೆಯಲ್ಲಿ ಕತ್ತಿ ಹಿಡಿದ ಖಳನಿಲ್ಲ. ಗಂಡ ಮರ್ಯಾದಸ್ಥ. ನೆರೆಯವರು ನಮ್ಮ ನಿಮ್ಮಂತಹವರೇ. ಯಾರನ್ನು ಕೇಳಿದರೂ ‘ನಾನೇನು ತಪ್ಪು ಮಾಡಿದೆ?’ ಎಂದಾರು. ಆದರೆ ನಮ್ಮ ಎರಡು ಪ್ರಶ್ನೆಗಳನ್ನು ಅವರಿಗೆ ಕೇಳಿ ನೋಡಿ. ಅವರ ಮರ್ಯಾದೆಗೆ, ಅವರ ಹೆದರಿಕೆಗೆ ಬೆಲೆ ತೆತ್ತವಳು ಕಾವೇರಿ. ಅವಳ ನೋವನ್ನು ಕಾಣಲು ಯಾರೂ ಕಣ್ಣು ತೆರೆಯಲಿಲ್ಲ. ಕೆಟ್ಟದ್ದು ಮಾಡುವ ಉದ್ದೇಶವಿಲ್ಲದೆಯೂ ಮನುಷ್ಯ ಕೆಟ್ಟದ್ದಕ್ಕೆ ಕೈಜೋಡಿಸಬಲ್ಲ. ಆಸ್ಪತ್ರೆಯಿಂದ, ಜೈಲಿನಿಂದ, ಕುಡಿತ ಬಿಡಿಸುವ ಕೇಂದ್ರದಿಂದ ಮರಳಿ ಬಂದವರು ನಮ್ಮ ಬೀದಿಗಳಲ್ಲೂ ಇರುತ್ತಾರೆ. ಅವರ ಕತೆಯಲ್ಲಿ ನಮ್ಮ ಪಾತ್ರ ಯಾವುದು ಎಂದು ಯೋಚಿಸಿದರೆ ನಿದ್ದೆ ಸ್ವಲ್ಪ ಕೆಡಬಹುದು. ಕೆಡಲಿ.

ಶಿಳ್ಳೆ ಹೊಡೆಯುವ ಮುನ್ನ

‘ಎಲ್ಲರನ್ನೂ ಅರ್ಥ ಮಾಡಿಕೊಳ್ಳುತ್ತಾ ಹೋದರೆ ಮಕ್ಕಳು ಕೆಟ್ಟವರನ್ನೇ ಮೆಚ್ಚಿಕೊಳ್ಳುವುದಿಲ್ಲವೇ?’ ಎಂದು ಪೋಷಕರು ಕೇಳಬಹುದು. ಕೇಳಬೇಕಾದ ಮಾತೇ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ 1972ರ ‘ನಾಗರಹಾವು’ ಚಿತ್ರದಲ್ಲಿ ಹೆಣ್ಣುಮಕ್ಕಳನ್ನು ಕಾಡುವ ಜಲೀಲನಾಗಿ ಮೊದಲು ತೆರೆಗೆ ಬಂದರು. ಅದೊಂದು ಪುಂಡನ ಪಾತ್ರ. ಜನ ಅದನ್ನು ಮರೆಯಲೇ ಇಲ್ಲ. 1981ರ ‘ಅಂತ’ದಲ್ಲಿ ಪ್ರಾಮಾಣಿಕ ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್, ತನ್ನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್‌ನ ವೇಷದಲ್ಲಿ ಕಳ್ಳರ ಕೂಟಕ್ಕೆ ಹೋಗುತ್ತಾನೆ. ಎರಡೂ ಪಾತ್ರ ಅಂಬರೀಶರದ್ದೇ. ಆದರೆ ಜನರ ಬಾಯಲ್ಲಿ ಉಳಿದ ಹೆಸರು ಯಾವುದು? ಕನ್ವರ್‌ಲಾಲ್!

ಇದರಲ್ಲಿ ನಟನ ತಪ್ಪಿಲ್ಲ, ಅದು ಅವರ ಕಲೆಯ ಗೆಲುವು. ತಪ್ಪಿನಲ್ಲೂ ಒಂದು ಧೈರ್ಯವಿರುತ್ತದೆ, ಮನುಷ್ಯನ ಮನಸ್ಸು ಧೈರ್ಯಕ್ಕೆ ಸೋಲುತ್ತದೆ. ನಾವು ಬಾಯಿ ಮುಚ್ಚಿಕೊಂಡು ಸಹಿಸಿದ್ದನ್ನು ಅವನು ಎದುರಿಸಿದ ಎಂದು ಖುಷಿಯಾಗುತ್ತದೆ. ಮಗ ಅಂತಹವನನ್ನು ಮೆಚ್ಚಿದರೆ ಬೈಯಬೇಡಿ, ಟಿ.ವಿ. ಆರಿಸಿ ಎದ್ದು ಹೋಗಲೂಬೇಡಿ. ಪಕ್ಕದಲ್ಲಿ ಕುಳಿತು ಕೇಳಿ: ‘ಅವನು ಹೊಡೆದನಲ್ಲ, ಆ ಹೊಡೆತ ತಿಂದವನಿಗೆ ಮನೆಯಲ್ಲಿ ಯಾರಿದ್ದಾರೆ? ಆ ಹುಡುಗಿಗೆ ಹೇಗೆ ಅನಿಸಿರಬೇಕು?’ ಆಟೋಟದಂತೆ ಇದೂ ಒಂದು ಅಭ್ಯಾಸ. ಪಾತ್ರವನ್ನು ಒಳಗಿನಿಂದ ತಿಳಿಯುವುದನ್ನೂ ಹೊರಗಿನಿಂದ ತೂಗುವುದನ್ನೂ ಒಟ್ಟಿಗೆ ಕಲಿತ ಮಗು ಶಿಳ್ಳೆ ಹೊಡೆದರೂ ದಾರಿ ತಪ್ಪುವುದಿಲ್ಲ.

ಬಾಗಿಲ ಹೊರಗೆ ನಿಂತವನು

ಕೊನೆಯದಾಗಿ ನಾವೆಲ್ಲ ಚಿಕ್ಕಂದಿನಿಂದ ಕೇಳಿರುವ ಒಂದು ಕತೆ. ಸಂತ ಲೂಕರ ಶುಭಸಂದೇಶದಲ್ಲಿ ಬರುವ ದುಂದುಗಾರ ಮಗನ ಸಾಮತಿ. ಈಗ ನಮ್ಮ ಎರಡು ಪ್ರಶ್ನೆಗಳನ್ನು ಅಲ್ಲಿಯೂ ಕೇಳೋಣ.

ಚಿಕ್ಕ ಮಗ ಮಾಡಿದ್ದರ ಬೆಲೆ ಮೊದಲು ತೆತ್ತವನು ತಂದೆ. ಬದುಕಿರುವಾಗಲೇ ಪಾಲು ಕೊಟ್ಟ, ಮಗನನ್ನು ಕಳೆದುಕೊಂಡ. ಹಾಗಾಗಿ ಚಿಕ್ಕವನು ನಾಯಕನಲ್ಲ. ಆದರೆ ಹಂದಿಗಳ ನಡುವೆ ಹಸಿದು ಕುಳಿತವನ ಎದೆಯೊಳಗೆ ಯೇಸುಸ್ವಾಮಿ ನಮ್ಮನ್ನು ಕರೆದೊಯ್ಯುತ್ತಾರೆ. ಅವನನ್ನು ಖಳನೆಂದು ತಳ್ಳಿಹಾಕಲು ನಮಗೆ ಆಗುವುದಿಲ್ಲ. ಹಿರಿಯ ಮಗ ಹೊಲದಲ್ಲಿ ದುಡಿದವನು, ಎದುರು ಮಾತಾಡದವನು. ಊರವರೆಲ್ಲ ಮೆಚ್ಚುವ ಮಗ. ಆದರೂ ತಮ್ಮ ಬಂದ ದಿನ ಅವನಿಗೆ ತಮ್ಮನ ಹಸಿವೂ ಕಾಣಲಿಲ್ಲ, ತಂದೆಯ ಸಂತೋಷವೂ ಕಾಣಲಿಲ್ಲ. ಒಳ್ಳೆಯವನೆಂದು ಹೆಸರು ಪಡೆದವನು ಬಾಗಿಲ ಹೊರಗೆ ಉಳಿದ. ಇಬ್ಬರಿಗಾಗಿಯೂ ಮನೆಯಿಂದ ಹೊರಗೆ ನಡೆದು ಬಂದವನು ತಂದೆಯೊಬ್ಬನೇ. ಬೆಲೆ ತೆತ್ತವನೂ ಅವನೇ, ಇಬ್ಬರ ನೋವನ್ನು ಕಂಡವನೂ ಅವನೇ. ಸಾಮತಿಗೆ ಮಗನ ಹೆಸರಿದ್ದರೂ ಅದರ ನಾಯಕ ಯಾರೆಂದು ಇನ್ನು ಹೇಳಬೇಕಾಗಿಲ್ಲ.

ಹಿರಿಯ ಮಗ ಒಳಗೆ ಹೋದನೇ ಎಂಬುದನ್ನು ಸಾಮತಿ ಹೇಳುವುದಿಲ್ಲ. ಆ ಕತೆಯನ್ನು ಮುಗಿಸದೆ ಬಿಡಲಾಗಿದೆ. ನಮ್ಮ ಮನೆಗಳ ಕತೆಯೂ ಮುಗಿದಿಲ್ಲ. ಮುಗಿದ ಪುಸ್ತಕದ ಪಾತ್ರಗಳಿಗೆ ಹೆಸರಿಡಬಹುದು, ಏಕೆಂದರೆ ಅವರು ಇನ್ನು ಬದಲಾಗಲಾರರು. ಜೀವಂತವಾಗಿರುವ ಮಗನಿಗೆ, ಸೊಸೆಗೆ, ತಮ್ಮನಿಗೆ ಆ ಹೆಸರಿಡುವ ಹಕ್ಕು ನಮಗಿಲ್ಲ. ಈ ವಾರ ಮನೆಯಲ್ಲಿ ಯಾರನ್ನಾದರೂ ‘ಅವನು ಅಷ್ಟೇ, ಅವನು ಬದಲಾಗುವುದಿಲ್ಲ’ ಎನ್ನಲು ಬಾಯಿ ತೆರೆದಾಗ, ದಯವಿಟ್ಟು ಒಂದು ಕ್ಷಣ ತಡೆಯಿರಿ. ಅವನ ಕತೆಯನ್ನು ಅವನ ಬಾಯಿಂದಲೇ ಒಮ್ಮೆ ಕೇಳಿ ನೋಡಿ.